ನಾಚಿಕೆಯ ತುಂಡಿನ ವಿಲೇವಾರಿ ಕುರಿತು

ಭೋಜನ ಶಿಸ್ತು ವಿಭಾಗ
ವೈಕಿಂಗ್ ಹಡಗಿನ ಆಕಾರದ ಬಫೆ, ಮಾಲ್‌ನ ಮೂರನೇ ಮಹಡಿ, ವೆಸ್ತೆರೋಸ್, ಸ್ವೀಡನ್

ಸಂಖ್ಯೆ: ಭೋಶಿವಿ/ಟ್ರೇ-4/ಉಂಡೆ/1/64
ದಿನಾಂಕ: ಮಾರ್ಚ್ 18

ವಿಷಯ: ನಾಲ್ಕನೇ ಟ್ರೇಯಲ್ಲಿ ಕೊನೆಗೆ ಉಳಿಯುವ ಒಂದೇ ಒಂದು ಮಾಂಸದುಂಡೆಯ ಬಗ್ಗೆ, ಹಾಗೂ ಟ್ರೇ ಪಾಲಕಿ ಆಲ್ಫ್‌ಹಿಲ್ಡ್ ಅವರನ್ನು ನೆಲಮಾಳಿಗೆಯ ಕೋಟು ಕೊಠಡಿಗೆ ವರ್ಗಾಯಿಸುವ ಬಗ್ಗೆ.

ಉಲ್ಲೇಖ: (1) ಸಿಬ್ಬಂದಿ ನಿಯಮ 9: ಅತಿಥಿಗಳ ಟ್ರೇಯಿಂದ ಸಿಬ್ಬಂದಿ ತಿನ್ನತಕ್ಕದ್ದಲ್ಲ.
(2) ಅಡುಗೆಮನೆ ನಿಯಮ 2: ಹಳೆಯ ಟ್ರೇ ಪೂರ್ತಿ ಖಾಲಿಯಾಗದೆ ಹೊಸ ಟ್ರೇ ಹೊರಬರತಕ್ಕದ್ದಲ್ಲ.
(3) ಟ್ರೇಗೆ ಅಂಟಿಸಿದ್ದ, ಸಹಿಯಿಲ್ಲದ ಹಳದಿ ಚೀಟಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕಳೆದ ಗುರುವಾರ ಬೆಳಿಗ್ಗೆ 11.52ಕ್ಕೆ, ಹಡಗಿನ ಮೂತಿಯ ಬಳಿಯ ನಾಲ್ಕನೇ ಟ್ರೇಯಲ್ಲಿ ಒಂದು ಉಂಡೆ ಮಾತ್ರ ಉಳಿದಿರುವುದು ಗಮನಕ್ಕೆ ಬಂದಿರುತ್ತದೆ. 'ನಾಚಿಕೆಯ ತುಂಡು' ಎಂದೇ ಕರೆಯುವ ಕೊನೆಯದಕ್ಕೆ ಕೈ ಹಾಕುವುದು ನಮ್ಮವರಲ್ಲಿ ಯಾರಿಗೂ ಒಗ್ಗದ ಕಾರಣ, ಮೊದಲ ಅತಿಥಿ ಅದರಲ್ಲಿ ಅರ್ಧ ಕತ್ತರಿಸಿಕೊಂಡು ಅರ್ಧ ಬಿಟ್ಟಿರುತ್ತಾರೆ. ಎರಡನೆಯವರು ಆ ಅರ್ಧದಲ್ಲಿ ಅರ್ಧ. ಹೀಗೆ ಆರು ಮಂದಿಯ ಸೌಜನ್ಯದಿಂದ ಸದರಿ ಉಂಡೆಯು ಅರವತ್ತನಾಲ್ಕರಲ್ಲಿ ಒಂದು ಪಾಲಾಗಿ, ಇರುವೆಯ ಮನೆಯ ಮದುವೆಯೂಟಕ್ಕೂ ಸಾಲದಷ್ಟಾಗಿರುತ್ತದೆ. ಏಳನೆಯವರಿಗೆ ಕತ್ತರಿಸಲು ಸಾಧ್ಯವಾಗಿರುವುದಿಲ್ಲ. ಚಾಕುವಿನ ಅಲಗೇ ಅದಕ್ಕಿಂತ ದಪ್ಪವಿತ್ತು.

ಅಡುಗೆಮನೆಯಲ್ಲಿ ಹಬೆಯಾಡುವ ಮೂರು ಟ್ರೇ ಸಿದ್ಧವಿದ್ದರೂ ನಿಯಮ 2 ಅಡ್ಡಬಂದಿರುತ್ತದೆ. ಸಾಲು ಎಸ್ಕಲೇಟರ್ ಇಳಿದು ಎರಡನೇ ಮಹಡಿಯ ಚಪ್ಪಲಿ ಅಂಗಡಿ ಮುಟ್ಟಿರುತ್ತದೆ. ನಿಂತವರ ನಡುವೆ ವಾಡಿಕೆಯಂತೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದರಿಂದ ಅದು ಇದ್ದುದಕ್ಕಿಂತ ಉದ್ದವಾಗಿ ಕಂಡಿರುತ್ತದೆ.

12.31ಕ್ಕೆ, ಹತ್ತೊಂಬತ್ತು ವರ್ಷದಿಂದ ಆ ಟ್ರೇ ಕಾಯುತ್ತಿರುವ, ನಿವೃತ್ತಿಗೆ ಹದಿನಾಲ್ಕೇ ತಿಂಗಳು ಬಾಕಿಯಿರುವ ಆಲ್ಫ್‌ಹಿಲ್ಡ್ ಅವರು, ತಲೆಯ ಮೇಲಿನ ಕೊಂಬಿನ ಟೋಪಿಯನ್ನು ನೆಟ್ಟಗೆ ಮಾಡಿಕೊಂಡು, ಸದರಿ ತುಂಡನ್ನು ಬೆರಳಿನಿಂದಲೇ ಎತ್ತಿ ತಿಂದಿರುತ್ತಾರೆ. ತರುವಾಯ ನಲವತ್ತೊಂದು ಜನ ಊಟ ಮಾಡಿರುತ್ತಾರೆ.

ಮಾರನೆಯ ದಿನ ದೊರೆತ ಚೀಟಿಯ ಒಕ್ಕಣೆ: "ಯಾರೋ ನಾಚಿಕೆಯ ತುಂಡನ್ನ ತಿಂದುಬಿಟ್ಟಿದ್ದಾರೆ. ಯಾರು ಅಂತ ಅವರಿಗೇ ಗೊತ್ತು. ಒಳ್ಳೇ ದಿನವಾಗಲಿ!" ಕೆಳಗೆ ನಗುಮುಖ ಬರೆದಿರುವುದರಿಂದ ಪ್ರಕರಣವನ್ನು ಅತ್ಯಂತ ಗಂಭೀರವೆಂದು ಪರಿಗಣಿಸಲಾಗಿದೆ.

ವಿಚಾರಣೆಯಲ್ಲಿ ದಾಖಲಾದ ಹೇಳಿಕೆಗಳು:

ಟೋರ್‌ಬ್ಯೋರ್ನ್, ಪ್ರತಿ ಗುರುವಾರದ ಅತಿಥಿ, ಆರನೇ ಬಾರಿ ಕತ್ತರಿಸಿದವರು: "ನಾನೇ ತಿಂದುಬಿಡ್ತಿದ್ದೆ ಕಣ್ರೀ. ಆದ್ರೆ ಹಿಂದಿದ್ದವರೆಲ್ಲಾ ನನ್ನ ನೋಡ್ತಾನೇ ಇಲ್ಲ ಅನ್ನೋ ಹಾಗೆ ನಿಂತಿದ್ರು. ನೋಡಿದ್ರೆ ತಡ್ಕೋಬಹುದು, ಅದನ್ನ ತಡ್ಕೊಳ್ಳೋದು ಹೆಂಗೆ? 'ನೀನೇ ನುಂಗಿಬಿಡು ಮಾರಾಯ್ತಿ, ನಿಂಗಾದ್ರೆ ಕೊಂಬಿದೆ' ಅಂತ ಆಲ್ಫ್‌ಹಿಲ್ಡ್‌ಗೆ ಅಂದೆ."

ಆಲ್ಫ್‌ಹಿಲ್ಡ್: "ಕೊನೇ ತುಂಡು ತಿಂದೋಳಿಗೆ ಗಂಡ ಸಿಗಲ್ಲ, ಗಾಜಿನ ಬೆಟ್ಟದ ಮೇಲೆ ಒಬ್ಳೇ ಕೂತಿರ್ತಾಳೆ ಅಂತಿದ್ಲು ನಮ್ಮಜ್ಜಿ. ನಂಗೀಗ ಅರವತ್ತಮೂರು. ಬೆಟ್ಟ ಹತ್ತಿ ಎಷ್ಟೋ ವರ್ಷ ಆಯ್ತು, ಅಲ್ಲಿಂದ ಸಾಲು ಚೆನ್ನಾಗಿ ಕಾಣತ್ತೆ. ಹಸಿದಿದ್ರು, ತಿಂದೆ. ಏನಾದ್ರೂ ಮಾಡಿ, ಆ ಕೋಟು ಕೋಣೆಗೆ ಮಾತ್ರ ಹಾಕ್ಬೇಡಿ. ಅಲ್ಲಿ ಕೋಟು ನೇತಾಕಿ ಹೊರಟುಹೋಗ್ತಾರೆ, ಒಬ್ರೂ ನಿಲ್ಲಲ್ಲ. ಇಲ್ಲಿ ಸಾಸು ಬಡಿಸೋವಷ್ಟು ಹೊತ್ತಾದ್ರೂ ಮಾತಾಡ್ತಾರೆ."

ಈ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಕೆಳಕಂಡಂತೆ ಆದೇಶಿಸಲಾಗಿದೆ:

1. ಕೊನೆಯ ತುಂಡನ್ನು ಎಂಟನೇ ಒಂದು ಪಾಲಿನವರೆಗೆ ಮಾತ್ರ ಕತ್ತರಿಸತಕ್ಕದ್ದು. ಅದಕ್ಕೂ ಚಿಕ್ಕದಾಗಿ ಕತ್ತರಿಸಬಯಸುವವರು ಸ್ವಂತ ಭೂತಗನ್ನಡಿ ತರತಕ್ಕದ್ದು.

2. "ನೀವೇ ತಗೊಳ್ಳಿ", "ಅಯ್ಯೋ ಬೇಡ, ನೀವೇ" ಎಂಬುದನ್ನು ತಲಾ ನಾಲ್ಕು ಬಾರಿಗೆ ಮಿತಿಗೊಳಿಸಲಾಗಿದೆ. ಐದನೇ ಬಾರಿಗೆ ಇಬ್ಬರೂ ಸಾಲಿನ ತುದಿಗೆ ತೆರಳತಕ್ಕದ್ದು. ತುದಿಯಲ್ಲಿ ಯಾರು ಮುಂದೆ ನಿಲ್ಲಬೇಕೆಂಬ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು.

3. ಸದರಿ ತುಂಡನ್ನು ಆಲೂಗಡ್ಡೆಯ ಕೆಳಗೆ ಬಚ್ಚಿಡುವುದನ್ನು, ಹಣ್ಣಿನ ಗೊಜ್ಜಿನಲ್ಲಿ ಮುಳುಗಿಸುವುದನ್ನು, ಅಥವಾ ಅದು ಮೊದಲಿನಿಂದಲೂ ಇರಲೇ ಇಲ್ಲವೆಂದು ಸಾಧಿಸುವುದನ್ನು ನಿಷೇಧಿಸಲಾಗಿದೆ.

4. ಯಾರಾದರೂ ಕೊನೆಯ ತುಂಡನ್ನು ತಿನ್ನುವಾಗ ಉಳಿದ ಅತಿಥಿಗಳು ಒಂಬತ್ತು ಸೆಕೆಂಡು ಹಡಗಿನ ಹಾಯಿಯನ್ನು ನೋಡತಕ್ಕದ್ದು. ಕತ್ತು ನೋವಿರುವವರು ಗುರಾಣಿಯನ್ನು ನೋಡಬಹುದು. ಹವಾಮಾನದ ಬಗ್ಗೆ ಮಾತನಾಡಲು ಅನುಮತಿಯಿದೆ.

5. ಆಲ್ಫ್‌ಹಿಲ್ಡ್ ಅವರ ವರ್ಗಾವಣೆ ಆದೇಶಕ್ಕೆ ಸಮಿತಿಯ ಐವರ ಸಹಿಯೂ ಅಗತ್ಯವಿರುತ್ತದೆ. ನಾಲ್ವರು ಸಹಿ ಮಾಡಿರುತ್ತಾರೆ. ಕೊನೆಯ ಜಾಗ ತಮ್ಮ ಪಾಲಿಗೆ ಬಂದುದನ್ನು ಕಂಡ ಅಧ್ಯಕ್ಷರು ಅರ್ಧ ಸಹಿ ಮಾಡಿ, ಉಳಿದರ್ಧ ಬೇರೆಯವರಿಗಿರಲೆಂದು ಬಿಟ್ಟಿರುತ್ತಾರೆ. ಆ ಅರ್ಧದಲ್ಲಿ ಇನ್ನೊಬ್ಬರು ಅರ್ಧ, ಉಳಿದುದರಲ್ಲಿ ಮತ್ತೊಬ್ಬರು ಅರ್ಧ, ಹೀಗೆ ಬಳಸುತ್ತ ಹೋಗಿರುತ್ತಾರೆ. ಸದ್ಯ ಒಂದು ಚುಕ್ಕೆಯಷ್ಟು ಜಾಗ ಉಳಿದಿದ್ದು, ಅದನ್ನು ತೆಗೆದುಕೊಳ್ಳಲು ಯಾರೂ ಮುಂದೆ ಬಂದಿರುವುದಿಲ್ಲ.

6. ಸದರಿ ಚುಕ್ಕೆ ಭರ್ತಿಯಾಗುವವರೆಗೆ ಆಲ್ಫ್‌ಹಿಲ್ಡ್ ಅವರು ನಾಲ್ಕನೇ ಟ್ರೇಯ ಬಳಿಯೇ ಮುಂದುವರಿಯತಕ್ಕದ್ದೆಂದೂ, ಅಲ್ಲಿಯವರೆಗೆ ತಾತ್ಕಾಲಿಕ ವ್ಯವಸ್ಥೆಯಾಗಿ, ನಿಯಮ 9ರಲ್ಲಿ ಏನೇ ಹೇಳಿದ್ದರೂ, ಕೊನೆಯ ತುಂಡನ್ನು ಅವರೇ ತಿನ್ನತಕ್ಕದ್ದೆಂದೂ ತಿಳಿಯಪಡಿಸಲಾಗಿದೆ.

(ಅರ್ಧ ಸಹಿ)
ಅಧ್ಯಕ್ಷರು, ಶಿಸ್ತು ಸಮಿತಿ

ಪ್ರತಿಗಳು:
1. ಅಡುಗೆಮನೆಗೆ, ನಿಯಮ 2ರ ಪಕ್ಕದಲ್ಲಿ ಅಂಟಿಸಲು.
2. ಚಪ್ಪಲಿ ಅಂಗಡಿಗೆ, ಸಾಲಿನ ಬಾಲಕ್ಕೆ ಆಶ್ರಯವಿತ್ತದ್ದಕ್ಕೆ ವಂದನೆಗಳೊಂದಿಗೆ.
3. ಕೋಟು ಕೊಠಡಿಗೆ, ಯಾರೂ ಬರುತ್ತಿಲ್ಲವೆಂಬ ಮಾಹಿತಿಗಾಗಿ.
4. ಚೀಟಿ ಬರೆದವರಿಗೆ. ಯಾರೆಂದು ಅವರಿಗೇ ಗೊತ್ತು.
5. ಸಿಬ್ಬಂದಿಯ ಮೇಜಿನ ಮೇಲೆ ಇಪ್ಪತ್ತು ಪ್ರತಿ. ಹತ್ತೊಂಬತ್ತು ಹೋಗಿವೆ. ಇಪ್ಪತ್ತನೆಯದರಲ್ಲಿ ಯಾರೋ ಅರ್ಧ ಹರಿದುಕೊಂಡಿದ್ದಾರೆ. ಉಳಿದರ್ಧ: ಆಲ್ಫ್‌ಹಿಲ್ಡ್ ಅವರಿಗೆ, ಸೂಕ್ತ ವಿಲೇವಾರಿಗಾಗಿ.