ಮಿರ್ಚಿ ಹನುಮಂತುವಿನ ಎದೆಯುರಿ

ಮಕ್ತಲ್ ಬಸ್‌ಸ್ಟ್ಯಾಂಡಿನ ಎದುರು ಇಪ್ಪತ್ತು ವರ್ಷದಿಂದ ಮಿರ್ಚಿ ಕರಿಯುವ ಹನುಮಂತುವಿಗೆ ಎದೆಯುರಿ ಶುರುವಾಗಿ ಒಂದು ತಿಂಗಳಾಗಿತ್ತು. ಬೇರೆಯವರಿಗೆ ಬಂದಿದ್ದರೆ ಅದೊಂದು ಕಾಯಿಲೆ. ಇವನಿಗೆ ಬಂದದ್ದು ಅಪಪ್ರಚಾರ. ಮಿರ್ಚಿ ಮಾರುವವನೇ ಎದೆ ನೀವಿಕೊಳ್ಳುತ್ತಾನೆಂದು ಊರಿಗೆ ತಿಳಿದರೆ ಮರುದಿನವೇ ಬಾಣಲೆ ಮಗುಚಿ ಹಾಕಬೇಕಾದೀತು. ಈ ಹೆದರಿಕೆಯಿಂದ, ಪಾಪ, ಗಿರಾಕಿ ಕಂಡರೆ ಸಾಕು, ಉರಿ ಇನ್ನೊಂದು ಗೇಣು ಮೇಲೇರುತ್ತಿತ್ತು.

ಊರಿನ ಡಾಕ್ಟರ ಬಳಿ ಹೋದರೆ ಸುದ್ದಿ ಅವನಿಗಿಂತ ಮೊದಲು ಅಂಗಡಿ ಮುಟ್ಟುತ್ತದೆ. ಅದಕ್ಕೆ ಮಂಗಳವಾರ ಅಂಗಡಿಯನ್ನು ಹೆಂಡತಿ ಬಾಲಮ್ಮನಿಗೆ ಒಪ್ಪಿಸಿ ನಾರಾಯಣಪೇಟೆ ಬಸ್ಸು ಹತ್ತಿದ. ಪಕ್ಕದಲ್ಲೇ ಆಶಪ್ಪ ಬಂದು ಕುಳಿತ. ಗೊಬ್ಬರದ ಅಂಗಡಿಯವನು, ದಿನಾ ಮಂಡಕ್ಕಿ ಒಗ್ಗರಣೆ ಜೊತೆ ಆರು ಮಿರ್ಚಿ ತಿನ್ನುವ ಗಿರಾಕಿ.

“ಎಲ್ಲಿಗೆ ಹೊಂಟೀದಿ ಹನುಮಂತು?”

“ಬಾಲಮ್ಮಗ ಸೀರಿ ತರಾಕ್ರಿ. ನೀವು?”

“ನಾನೂ... ಸೀರಿ ತರಾಕ.”

ಆಶಪ್ಪನ ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು. ಯಾರಿಗೆ ಸೀರೆ ಎಂದು ಕೇಳಿದರೆ ಮಾತು ಬೆಳೆದೀತೆಂದು ಹನುಮಂತು ಕೇಳಲಿಲ್ಲ. ಅಷ್ಟರಲ್ಲಿ ಹುಳಿತೇಗೊಂದು ಗಂಟಲಿಗೆ ಬಂತು. ಅದನ್ನು ಮುಚ್ಚಲು ಅವನು “ಏಳುಕೋಟಿಗೋ!” ಎಂದು ಮೈಲಾರನನ್ನು ಕೂಗಿಬಿಟ್ಟ. ಹಿಂದಿನ ಸೀಟಿನ ಇಬ್ಬರು ಕುರಿಗಾರರು ಎದ್ದು ನಿಂತು ಕೈ ಮುಗಿದರು.

“ಹೊಟ್ಟಿ ಬರೋಬರಿ ಐತಿಲ್ಲೋ?” ಎಂದ ಆಶಪ್ಪ.

“ಮಸ್ತ್ ಐತ್ರಿ. ನಿಮ್ದು?”

“ಕಲ್ಲು ತಿಂದ್ರೂ ಕರಗತೈತಿ.”

ನಾರಾಯಣಪೇಟೆಯಲ್ಲಿ ಆಶಪ್ಪ ಎಡಕ್ಕೆ ಹೋದ, ಹನುಮಂತು ಬಲಕ್ಕೆ. ಹತ್ತು ನಿಮಿಷದ ಮೇಲೆ ಇಬ್ಬರೂ ಡಾಕ್ಟರ್ ಶ್ರೀನಾಥರ ದವಾಖಾನೆಯ ಬಾಗಿಲಲ್ಲಿ ಎದುರಾದರು. ಒಳಗೆ ಬೆಂಚಿನ ಮೇಲೆ ಶರಣಯ್ಯ ಮೇಷ್ಟ್ರು, ಬಸ್‌ಸ್ಟ್ಯಾಂಡ್ ಕಂಟ್ರೋಲರ್ ವೀರಯ್ಯ, ಇನ್ನೂ ನಾಲ್ಕು ಜನ. ಎಲ್ಲರೂ ಹನುಮಂತುವಿನ ಬೆಳಗಿನ ಗಿರಾಕಿಗಳು. ಅವನನ್ನು ಕಂಡದ್ದೇ ಎಲ್ಲರೂ ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

“ಎದಿ ಉರಿತೈತಪ್ಪ,” ಎಂದರು ಕೊನೆಗೆ ಶರಣಯ್ಯ. “ಮಕ್ತಲ್‌ದಾಗ ತೋರಿಸಿದ್ರ ನೀ ಬ್ಯಾಸರ ಮಾಡ್ಕೊಂತಿ ಅಂತ ಇಷ್ಟು ದೂರ ಬರ್ತೀವಿ.”

ಡಾಕ್ಟರು ಹನುಮಂತುವಿನ ಹೊಟ್ಟೆ ಒತ್ತಿ ನೋಡಿದರು. “ಖಾರ ಭಾಳ ತಿಂತಿಯೇನು?”

“ಮುಟ್ಟಂಗಿಲ್ರಿ.”

“ಹಂಗಾದ್ರ ಏನರ ಚಿಂತಿ ಹಚ್ಕೊಂಡೀದಿ. ಚಿಂತಿ ಇದ್ರ ಸಣ್ಣ ಉರಿನೂ ಬೆಂಕಿ ಬಿದ್ದಂಗ ಆಗತೈತಿ. ಮಾತ್ರಿ ಬರಕೊಡ್ತೀನಿ. ಚಿಂತಿ ಮಾತ್ರ ನೀನ ಬಿಡಬೇಕು.”

ಮಿರ್ಚಿಯದು ತಪ್ಪಿಲ್ಲ! ಹನುಮಂತುವಿಗೆ ಹೋದ ಜೀವ ಬಂದಂತಾಯಿತು. ತಿಂಗಳ ಮೇಲೆ ಮೊದಲ ಸಲ ಎದೆ ತಣ್ಣಗಾಯಿತು.

“ಹೊರಗ ಕುಂತವ್ರದೂ ಚಿಂತಿನ ಏನ್ರಿ?”

“ಏ, ಅವ್ರದು ಚಿಂತಿ ಅಲ್ಲ. ಮಕ್ತಲ್‌ದಾಗ ಹನುಮಂತು ಅಂತ ಒಬ್ಬಾಂವ ಮಿರ್ಚಿ ಕರೀತಾನಂತ.”

“ನಾನರಿ ಹನುಮಂತು.”

ಡಾಕ್ಟರು ಕುರ್ಚಿಯಿಂದ ಎದ್ದು ನಿಂತರು. ಫೀಸು ತೆಗೆಯಲು ಹೊರಟ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನಿಮ್ಮ ಕಡೆ ಫೀಸ್ ತಗೊಂಡ್ರ ದೇವರು ಮೆಚ್ಚತಾನೇನ್ರಿ? ಮುಂದಿನ ತಿಂಗಳು ಗದ್ವಾಲ್‌ದಾಗೂ ಒಂದು ದವಾಖಾನಿ ತಗೀಬೇಕಂತ ಮಾಡೀನಿ. ನೀವೂ ಅಲ್ಲೊಂದು ಕಡಾಯಿ ಇಡ್ರಿ.”

ಹನುಮಂತು ಎದೆ ಹಿಡಿದುಕೊಂಡು ಹೊರಗೆ ಬಂದ. ಶರಣಯ್ಯ ಮೇಷ್ಟ್ರು ಬೆಂಚಿನ ಮೇಲೆ ಸ್ವಲ್ಪ ಸರಿದು ಅವನಿಗೆ ಜಾಗ ಕೊಟ್ಟರು.