ನಿಮ್ಮ ಹತ್ರ ಇರೋದು ಹಳೇ ಕಾಪಿ

ನನ್ನ ಗಂಡನನ್ನು ನಾಲ್ಕು ಜನರ ನಡುವೆ ಕರೆದುಕೊಂಡು ಹೋಗುವ ಧೈರ್ಯ ಯಾರಿಗಾದರೂ ಇದ್ದರೆ ಮುಂದೆ ಬನ್ನಿ, ನಾನು ಮನೆಯಲ್ಲೇ ಉಳಿಯುತ್ತೇನೆ!

ಇವರಿಗೆ ಇಂದಿರಾನಗರದ ಕಂಪನಿಯೊಂದರಲ್ಲಿ ಸರ್ಚ್ ಸರ್ವರ್ ನೋಡಿಕೊಳ್ಳುವ ಕೆಲಸ. ಯಾವ ದಾಖಲೆ ಎಲ್ಲಿದೆ ಎಂದು ಹೇಳುವ ಇಂಡೆಕ್ಸ್ ಒಂದು ಮುಖ್ಯ ಸರ್ವರಿನಲ್ಲಿರುತ್ತದಂತೆ, ಅದರ ನಕಲುಗಳು ಬೇರೆ ಸರ್ವರುಗಳಲ್ಲಿ. ಏನಾದರೂ ಬದಲಾದರೆ ಬದಲಾದ ಚೂರನ್ನು ಮಾತ್ರ ಥಟ್ಟನೆ ಕಳಿಸಬೇಕು. ಪ್ರತಿ ದಾಖಲೆಗೂ, ಎಷ್ಟನೇ ಸಲ ತಿದ್ದಿದ್ದೆಂದು ಹೇಳುವ ಒಂದು ವರ್ಷನ್ ನಂಬರ್. ಹಳೇ ನಂಬರ್ ಹಿಡಿದು ತಿದ್ದಲು ಬಂದವರನ್ನು ಸರ್ವರ್ ವಾಪಸ್ ಅಟ್ಟುತ್ತದೆ. ಒಳ್ಳೆಯದೇ. ಆದರೆ ಅದನ್ನೆಲ್ಲ ಆಫೀಸಿನಲ್ಲೇ ಬಿಟ್ಟು ಬರಬಾರದೇ?

ಒಮ್ಮೆ ಹಲಸೂರಿನಲ್ಲಿರುವ ನನ್ನ ಅಮ್ಮನಿಗೆ ಫೋನ್ ಮಾಡಿ, “ಅತ್ತೆ, ಸೊಂಟ ಅಲ್ಲ, ಮಂಡಿ,” ಎಂದು ಇಟ್ಟುಬಿಟ್ಟರು. ಅಮ್ಮ ಗಾಬರಿಯಿಂದ ಆಟೋ ಹಿಡಿದು ರಾಮಮೂರ್ತಿ ನಗರದ ನಮ್ಮ ಮನೆಗೆ ಓಡಿ ಬಂದಳು. ನೋವಿದ್ದದ್ದು ನಮ್ಮ ಬಾಡಿಗೆ ಮನೆಯ ಓನರ್ ಅಜ್ಜಿಗೆ!

“ಸೊಂಟದ ವಿಷ್ಯ ಭಾನುವಾರಾನೇ ಹೇಳಿದ್ನಲ್ಲ ಅತ್ತೆ? ಬದಲಾಗಿದ್ದಷ್ಟೇ ಈಗ ಹೇಳ್ದೆ!”

ಸಾರಿಗೆ ಉಪ್ಪು ಹಾಕಲು ಹೇಳಿದರೂ, “ಈಗಿರೋದು ಯಾವ ವರ್ಷನ್ನು? ನೀನು ಆಗ್ಲೇ ಹಾಕಿದ್ರೆ?” ಎನ್ನುತ್ತಾರೆ. ಸಾರು ಕುದಿದು ಬತ್ತಿರುತ್ತದೆ.

ಇದನ್ನೆಲ್ಲ ಸಹಿಸಬಹುದು. ಆದರೆ ಒಂದು ದಿನ ನನ್ನ ತಂಗಿಯನ್ನು ನೋಡಲು ಕೆ.ಆರ್. ಪುರದಿಂದ ಗಂಡಿನ ಕಡೆಯವರು ಹಲಸೂರಿನ ಅಮ್ಮನ ಮನೆಗೆ ಬಂದರು. ಅವಳಿಗೆ ಹಿಂದೊಮ್ಮೆ ನಿಶ್ಚಿತಾರ್ಥವಾಗಿ ಮುರಿದುಬಿದ್ದಿತ್ತು. ಆ ಮಾತು ಎತ್ತಕೂಡದೆಂದು ಅಮ್ಮನ ಕಟ್ಟಪ್ಪಣೆ. ಅಲ್ಲಿಗೆ ಹೋಗುವಾಗ ಬಸ್ಸಿನಲ್ಲಿ ನಾನೂ ಇವರಿಗೆ ಹೇಳಿ ಹೇಳಿ ಸುಸ್ತಾಗಿದ್ದೆ. ಇವರು ಕಿಟಕಿಯಾಚೆ ನೋಡುತ್ತಿದ್ದರು.

“ಎಲ್ಲಾ ವಿಚಾರಿಸ್ಕೊಂಡೇ ಬಂದಿದೀವಿ,” ಎಂದರು ಗಂಡಿನ ತಂದೆ.

ಇವರು ಕೇಸರಿಬಾತಿನ ತಟ್ಟೆ ಕೆಳಗಿಟ್ಟರು. “ಇಲ್ಲ ಸಾರ್, ನಿಮ್ಮ ಹತ್ರ ಇರೋದು ಹಳೇ ಕಾಪಿ. ಹುಡುಗಿಗೆ ಒಂದ್ಸಲ ನಿಶ್ಚಿತಾರ್ಥ ಆಗಿ ಮುರಿದಿದೆ.”

ಬಂದವರು ಮುಖ ಮುಖ ನೋಡಿಕೊಂಡು ಎದ್ದು ಹೋದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅಮ್ಮ ಬಾಯಿಗೆ ಬಂದಂತೆ ಬೈದಳು. ನಾನು ಸುಮ್ಮನಿದ್ದೆನೇ? “ನಿಮ್ಮನ್ನ ಕಟ್ಕೊಂಡು ನಂಗೆ ಮಾನ ಅನ್ನೋದೇ ಉಳೀಲಿಲ್ಲ!” ಎಂದೆ. ಇವರು ಬಾಗಿಲ ಬಳಿ ಹೋಗಿ ಚಪ್ಪಲಿ ಕೈಗೆತ್ತಿಕೊಂಡರು.

“ಭಾವನ್ನ ಯಾಕೆ ಬೈತೀರ?” ಅಡುಗೆಮನೆಯಿಂದ ತಂಗಿ ಬಂದಳು. “ನಾನೇ ಹೇಳ್ಸಿದ್ದು. ಯಾವಾಗ ಗೊತ್ತಾಗುತ್ತೋ ಅಂತ ಜೀವನ ಪೂರ್ತಿ ಹೆದರ್ಕೊಂಡಿರೋಕೆ ನನ್ನ ಕೈಲಾಗಲ್ಲ ಅಕ್ಕ. ನಿಮಗೆ ಹೇಳಿದ್ರೆ ನನ್ನ ಬಾಯಿ ಮುಚ್ಚಿಸ್ತಿದ್ರಿ.”

ಓನರ್ ಅಜ್ಜಿಯ ಮಂಡಿಯನ್ನೂ ಊರಿಗೆ ಹಂಚುವ ಈ ಮನುಷ್ಯ, ಇದೊಂದನ್ನು ನನಗೂ ಹೇಳದೆ ಇಟ್ಟುಕೊಂಡು ಬೈಗುಳವನ್ನೆಲ್ಲ ನುಂಗಿದ್ದರು. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಅವರ ಕೈಯಿಂದ ಚಪ್ಪಲಿ ತೆಗೆದುಕೊಂಡು ಕೆಳಗಿಟ್ಟೆ.

“ಒಳಗೆ ಬನ್ರೀ, ಕೇಸರಿಬಾತ್ ಅರ್ಧಕ್ಕೇ ಬಿಟ್ಟಿದೀರ,” ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ.