ಗಂಟಲಿಗೆ ಅಂಟಿದ ಡಾಕ್ಟರು

“ಮಾತಾಡಿ ಅಂದ್ರೆ ಮಾತಾಡ್ರೀ! ಮೊದಲು ಬಾಯಲ್ಲಿರೋ ಗುಂಡುಸೂಜಿ ತೆಗೀರಿ!”

ಹೆಂಡತಿ ಗದರಿದ್ದಕ್ಕೆ ಟೇಲರ್ ಸೂಜಿಗಳನ್ನು ಒಂದೊಂದಾಗಿ ಅಂಗೈಗೆ ಉದುರಿಸಿದ. ಗಂಟಲಿಗೆ ಅಂಟಿಸಿದ್ದ ಅಂಚೆಚೀಟಿಯಷ್ಟಗಲದ ಪಟ್ಟಿ ತುರಿಸುತ್ತಿತ್ತು. ಅದಕ್ಕೆ ಬ್ಯಾಟರಿಯಿಲ್ಲ, ವೈರಿಲ್ಲ. ಮಾತಾಡುವಾಗ ಗಂಟಲು ಅದುರುತ್ತದಲ್ಲ, ಆ ಅದುರಿನಿಂದಲೇ ಕರೆಂಟು ಮಾಡಿಕೊಂಡು ಎದೆಬಡಿತದ ಸುದ್ದಿಯನ್ನು ಡಾಕ್ಟರಿಗೆ ಕಳಿಸುತ್ತದೆ. ಸಂಜೆಯೊಳಗೆ ಸುದ್ದಿ ಬರದಿದ್ದರೆ ಆಸ್ಪತ್ರೆಗೇ ಸೇರಿಸುತ್ತೇನೆ ಎಂದಿದ್ದರು ಅವರು. ಆದರೆ ಟೇಲರನ ಗಂಟಲು ಮದುವೆಯಾದಾಗಿನಿಂದ ಅದುರಿದ್ದೇ ಇಲ್ಲ.

ಟೇಲರ್: ಏನು ಮಾತಾಡ್ಲಿ?

ಹೆಂಡತಿ: ಏನಾದ್ರೂ! ನೀವು ಆಸ್ಪತ್ರೆ ಸೇರಿದ್ರೆ ಅಂಗಡೀಲಿರೋ ಬಟ್ಟೆಯೆಲ್ಲ ಯಾರು ಹೊಲೀತಾರೆ, ನಿಮ್ಮ ಟೇಪಾ?

ಟೇಲರ್: ಹೂಂ.

ಹೆಂಡತಿ: ಹೂಂ ಅಂತೆ! ಆ ಹೂಂಗೆ ಮಿಂಚುಹುಳಾನೂ ಹೊತ್ಕೊಳ್ಳಲ್ಲ. ಜಗಳಾನಾದ್ರೂ ಆಡಿ. ನಿಮ್ಮಮ್ಮ ಮಹಾ ಜಿಪುಣಿ!

ಟೇಲರ್: ಹೌದು.

ಹೆಂಡತಿ: ನಿಮ್ಮ ತಲೇಲಿ ಕೂದಲಿಗಿಂತ ಬುದ್ಧಿ ಕಮ್ಮಿ!

ಟೇಲರ್ ಬೋಳುತಲೆ ಸವರಿಕೊಂಡ. ಇದ್ದರೂ ಇರಬಹುದು ಅನ್ನಿಸಿತು.

ಹೆಂಡತಿ: ಹಾಗಾದ್ರೆ ಕೇಳಿ. ನಿಮ್ಮ ಭಾಮೈದನ ಕೋಟು ಎದುರಂಗಡಿ ಟೇಲರ್‌ಗೆ ಕೊಟ್ಟು ಬಂದೆ.

ಟೇಲರ್: ಅವನಿಗಾ?! ಅವನು ಕಾಜಾ ಮಾಡೋದು ಒಂದೂರಲ್ಲಿ, ಗುಂಡಿ ಹಾಕೋದು ಇನ್ನೊಂದೂರಲ್ಲಿ! ಅವನು ಹೊಲಿದ ಕೋಟು ಹಾಕ್ಕೊಂಡು ಕೈಯೆತ್ತಿದ್ರೆ ಪ್ಯಾಂಟೂ ಜೊತೇಲಿ ಏರುತ್ತೆ! ಅವನ ಕೈಗೆ ಗೋಣಿಚೀಲ ಕೊಟ್ರೆ ಅದಕ್ಕೂ ಕಂಕುಳು ಬಿಗಿ ಮಾಡ್ತಾನೆ!

ಹೆಂಡತಿ: ಕೊಟ್ಟಿಲ್ಲ ಕಣ್ರೀ, ಸುಮ್ನೆ ಅಂದೆ!

ಕೇಳುವವರು ಯಾರು? ಗೋಡೆಗಳು ನಡುಗಿದವು, ಬೀದಿನಾಯಿಗಳು ಊರು ಬಿಟ್ಟವು. ಕರೆಂಟು ಬಂತೆಂದು ತೋರಿಸಲು ಪಟ್ಟಿಯಲ್ಲಿದ್ದ ಪುಟ್ಟ ದೀಪ ಹಸಿರಾಗಿ ಎಷ್ಟು ಪ್ರಖರವಾಗಿ ಹೊತ್ತಿತೆಂದರೆ, ಆ ಬೆಳಕಿನಲ್ಲಿ ಕುರುಡನೂ ಸೂಜಿಗೆ ದಾರ ಪೋಣಿಸಬಹುದಿತ್ತು. ಫೋನು ಬಡಿದುಕೊಂಡಿತು.

ಡಾಕ್ಟರ್: ಕರೆಂಟೇನೋ ಬಂತಮ್ಮ. ಆದ್ರೆ ರೋಗಿಯ ದನಿಯಲ್ಲ, ಯಾರೋ ಗಂಡಸು ಕಿರುಚ್ತಿದ್ದಾನೆ ಅಂತ ಪಟ್ಟಿ ಸುದ್ದಿ ಕಳಿಸೋಕೇ ಒಪ್ತಿಲ್ಲ.

ಹೆಂಡತಿ: ಆ ಗಂಡಸೇ ನನ್ನ ಗಂಡ!

ಡಾಕ್ಟರ್: ಮೊನ್ನೆ ಇಲ್ಲಿ ದನಿ ಗುರುತು ಹಿಡಿಸುವಾಗ ‘ಹೆಸರೇನು, ನೋವೆಲ್ಲಿ’ ಅಂತ ಅವರನ್ನ ಕೇಳಿದ್ವಲ್ಲ, ಉತ್ತರ ಕೊಟ್ಟಿದ್ದು ಯಾರು?

ಹೆಂಡತಿ: ನಾನೇ. ಮತ್ಯಾರು ಕೊಡ್ತಾರೆ?

ಡಾಕ್ಟರ್: ಅದಕ್ಕೇ ಅದು ನಿಮ್ಮನ್ನೇ ರೋಗಿ ಅಂದ್ಕೊಂಡಿದೆ. ಹೊಸದಾಗಿ ಕಲಿಸ್ಬೇಕು. ಈ ವಾರ ಪೂರ್ತಿ ಮನೇಲಿ ಅವರ ದನಿ ಒಂದೇ ಕೇಳ್ಬೇಕು, ನೀವು ತುಟಿ ಬಿಚ್ಚಕೂಡದು. ಆಗಲ್ಲ ಅಂದ್ರೆ ಅವರು ಆಸ್ಪತ್ರೆಗೇ ಬರ್ಬೇಕಾಗುತ್ತೆ.

ಟೇಲರನಿಗೆ ರುಚಿ ಹತ್ತಿತ್ತು. ಎದುರಂಗಡಿಯವನ ಕಾಲರಿನ ವಿಷಯ ಇನ್ನೂ ಪೂರ್ತಿ ಬಾಕಿಯಿತ್ತು. ಗಂಟಲು ಸರಿಮಾಡಿಕೊಂಡ.

ಹೆಂಡತಿ: ಗಾಡಿ ಕಳಿಸಿ ಡಾಕ್ಟ್ರೇ, ಇವರ ಬಟ್ಟೆ ಕಟ್ಟಿಡ್ತೀನಿ.